ಹೆಪ್ಪಿನ ಮುಸುಕು ಹೊದ್ದ ಕ್ಯಾನ್ಸರ್ ಕೋಶ

1867ರ ಜನವರಿ. ಪ್ಯಾರಿಸ್‌ನ ಹೆಸರಾಂತ ವೈದ್ಯ ಆರ್ಮಾಂಡ್ ಟ್ರೂಸೋ ಅವರ ರಕ್ತನಾಳವೊಂದು ಊದಿಕೊಂಡು ನೋಯತೊಡಗಿತು. ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಅಷ್ಟಕ್ಕೇ ಅವರು ತಮ್ಮ ಕಥೆ ಮುಗಿಯಿತೆಂದು ಶಿಷ್ಯನಿಗೆ ಹೇಳಿಬಿಟ್ಟರು. ಕಾರಣವೇ ಇಲ್ಲದೆ ಮೈಯಲ್ಲಿ ಅಲ್ಲಲ್ಲಿ ರಕ್ತ ಹೆಪ್ಪುಗಟ್ಟುತ್ತಿದ್ದರೆ ಒಳಗೆಲ್ಲೋ ಕ್ಯಾನ್ಸರ್ ಅಡಗಿರಬಹುದು ಎಂದು 1865ರಲ್ಲಿ ಪಾಠ ಮಾಡಿದ್ದವರು ಅವರೇ. ಅಂದಾಜು ತಪ್ಪಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡರು. (ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರೆಲ್ಲ ಹೀಗೆ ಹೆದರಬೇಕಿಲ್ಲ. ಹೆಚ್ಚಿನವರಲ್ಲಿ ಅದಕ್ಕೂ ಕ್ಯಾನ್ಸರ್‌ಗೂ ಸಂಬಂಧವಿರುವುದಿಲ್ಲ.)

1869ರಲ್ಲಿ, ಆಸ್ಟ್ರೇಲಿಯಾದಲ್ಲಿ, ಥಾಮಸ್ ಆಶ್‌ವರ್ತ್ ಎಂಬ ವೈದ್ಯ ಕ್ಯಾನ್ಸರ್‌ನಿಂದ ಸತ್ತ ವ್ಯಕ್ತಿಯೊಬ್ಬನ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಗಡ್ಡೆಯಲ್ಲಿದ್ದಂಥವೇ ಕೋಶಗಳು ರಕ್ತದಲ್ಲೂ ಕಂಡವು. ಒಬ್ಬರು ಹೆಪ್ಪನ್ನು ಕಂಡರು, ಇನ್ನೊಬ್ಬರು ಅಲೆಮಾರಿ ಕೋಶವನ್ನು ಕಂಡರು. ಇವೆರಡರ ನಂಟನ್ನು ಪ್ರಯೋಗ ಮಾಡಿ ತೋರಿಸುವ ಹೊತ್ತಿಗೆ ನೂರು ವರ್ಷ ಕಳೆಯಿತು. ಹೆಪ್ಪುಗಟ್ಟಲು ನೆರವಾಗುವ ಪುಟ್ಟ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳ ಸಂಖ್ಯೆ ತಗ್ಗಿಸಿದ ಇಲಿಗಳಲ್ಲಿ ಕ್ಯಾನ್ಸರ್ ಹರಡುವುದೂ ತಗ್ಗುತ್ತದೆ ಎಂದು 1968ರಲ್ಲಿ ಗಬ್ರಿಯೆಲ್ ಗಾಸಿಕ್ ತಂಡ ವರದಿ ಮಾಡಿತು.

ಗಡ್ಡೆಯಿಂದ ಕಳಚಿ ರಕ್ತಕ್ಕೆ ಬಿದ್ದ ಕೋಶದ ಬದುಕು ಸುಲಭದ್ದಲ್ಲ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳಿರುತ್ತವೆ. ಹರಡಿದ ಸ್ತನ ಕ್ಯಾನ್ಸರ್ ಇರುವವರ 7.5 ಮಿಲಿಲೀಟರ್ ರಕ್ತದಲ್ಲಿ ಐದು ಕ್ಯಾನ್ಸರ್ ಕೋಶ ಸಿಕ್ಕರೂ ವೈದ್ಯರು ಅದನ್ನು ಕೆಟ್ಟ ಸೂಚನೆ ಎನ್ನುತ್ತಾರೆ. ಅಷ್ಟು ವಿರಳ! ಹರಿವಿನ ಸೆಳೆತ ಅವುಗಳನ್ನು ಹರಿದುಹಾಕುತ್ತದೆ, ಎನ್‌ಕೆ ಎಂಬ ಬಿಳಿಕೋಶಗಳು ಬೇಟೆಯಾಡುತ್ತವೆ. ಹೆಚ್ಚಿನವು ಕೆಲವೇ ಗಂಟೆಗಳಲ್ಲಿ ರಕ್ತದಿಂದ ಮಾಯ.

ಹಾಗಾದರೆ ಉಳಿಯುವವು ಉಳಿಯುವುದು ಹೇಗೆ? ಇಲ್ಲಿ ಹೆಪ್ಪು ಕೆಲಸಕ್ಕೆ ಬರುತ್ತದೆ. ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ಸಾಮಾನ್ಯವಾಗಿ ರಕ್ತನಾಳದ ಗೋಡೆಯ ಆಚೆ ಇರುತ್ತದೆ. ನಾಳ ಕೊಯ್ದಾಗ ಮಾತ್ರ ಅದಕ್ಕೂ ರಕ್ತಕ್ಕೂ ಮುಖಾಮುಖಿ. ಆಗ ರಕ್ತ ‘ಗಾಯವಾಗಿದೆ’ ಎಂದು ತಿಳಿದು ಹೆಪ್ಪುಗಟ್ಟತೊಡಗುತ್ತದೆ. ಎಷ್ಟೋ ಕ್ಯಾನ್ಸರ್ ಕೋಶಗಳು ಇದೇ ಪ್ರೋಟೀನನ್ನು ಮೈಮೇಲೆ ಹೊತ್ತು ತಿರುಗುತ್ತವೆ. ಎಂದರೆ, ತೇಲಾಡುವ ಒಂದು ಸುಳ್ಳು ಗಾಯ. ಥ್ರಾಂಬಿನ್ ಎಂಬ ಕಿಣ್ವ ಹುಟ್ಟುತ್ತದೆ, ಅದು ಫೈಬ್ರಿನ್ ಎಳೆಗಳ ಬಲೆ ನೇಯಿಸುತ್ತದೆ, ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸುತ್ತದೆ. ಹತ್ತಿಪ್ಪತ್ತು ಮೈಕ್ರಾನ್ ಅಗಲದ ಕೋಶಕ್ಕೆ ಎರಡು ಮೂರು ಮೈಕ್ರಾನಿನ ಪ್ಲೇಟ್‌ಲೆಟ್‌ಗಳು ಮುತ್ತಿ ಅಂಟಿಕೊಳ್ಳುತ್ತವೆ.

ಈ ಮುಸುಕು ಬರೀ ಗುರಾಣಿಯಲ್ಲ. ನಮ್ಮ ಕೋಶಗಳ ಮೈಮೇಲೆ ‘ನಾನು ಮನೆಯವನೇ’ ಎನ್ನುವ ಗುರುತಿನ ಚೀಟಿಯಂಥ ಪ್ರೋಟೀನುಗಳಿವೆ. ಕ್ಯಾನ್ಸರ್ ಕೋಶಗಳು ಅವನ್ನು ಎಷ್ಟೋ ಸಲ ಕಳೆದುಕೊಂಡಿರುತ್ತವೆ, ಎನ್‌ಕೆ ಕೋಶಗಳು ಪತ್ತೆಹಚ್ಚುವುದೂ ಹಾಗೆಯೇ. ಅಂಟಿಕೊಂಡ ಪ್ಲೇಟ್‌ಲೆಟ್‌ಗಳು ತಮ್ಮ ಚೀಟಿಯನ್ನೇ ಅವಕ್ಕೆ ದಾಟಿಸುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಕಾವಲುಗಾರ ಚೀಟಿ ನೋಡಿ ಮುಂದೆ ಹೋಗುತ್ತಾನೆ. ನನಗಂತೂ ಇಡೀ ಕಥೆಯಲ್ಲಿ ದಂಗುಬಡಿಸುವ ಭಾಗ ಇದೇ. ಜೊತೆಗೆ ಪ್ಲೇಟ್‌ಲೆಟ್‌ಗಳು ಸುರಿಸುವ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನು, ಕೋಶಕ್ಕೆ ಜಾಗ ಬಿಟ್ಟು ನುಸುಳುವ ಗುಣ ಕೊಡುತ್ತದೆ. ಅವು ಹೊರಬಿಡುವ ಎಟಿಪಿ ಎಂಬ ಅಣು, ನಾಳದ ಗೋಡೆಯ ಸಂದುಗಳನ್ನು ಸಡಿಲಿಸುತ್ತದೆ. ಗಾಯ ಮಾಯಿಸಲೆಂದು ಇರುವ ಇಡೀ ವ್ಯವಸ್ಥೆ ಬಾಡಿಗೆ ಬಂಟನ ಹಾಗೆ ದುಡಿಯುತ್ತದೆ.

ಹೆಪ್ಪುಗಟ್ಟದಂತೆ ತಡೆದರೆ ಕ್ಯಾನ್ಸರ್ ಹರಡುವುದೂ ನಿಲ್ಲಬೇಕಲ್ಲ? ಇಲಿಗಳಲ್ಲಿ ಹೆಪ್ಪು ತಡೆಯುವ ಔಷಧ ಹೆಪರಿನ್ ಕೊಟ್ಟು ಆಸೆ ಹುಟ್ಟಿಸುವ ಫಲ ಕಂಡಿದ್ದರು. ಮನುಷ್ಯರಲ್ಲಿ ಅಷ್ಟು ಸಲೀಸಾಗಲಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಇದ್ದ 2,202 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದ ಫ್ರಾಗ್‌ಮ್ಯಾಟಿಕ್ ಪ್ರಯೋಗದಲ್ಲಿ ಹೆಪರಿನ್ ಜಾತಿಯ ಡಾಲ್ಟೆಪರಿನ್ ಕೊಟ್ಟರು. ಅಪಾಯಕಾರಿ ಹೆಪ್ಪುಗಳು ಕಡಿಮೆಯಾದವು, ಆಯಸ್ಸು ಮಾತ್ರ ಹೆಚ್ಚಲಿಲ್ಲ. ಇಲಿಗೆ ಕ್ಯಾನ್ಸರ್ ಕೋಶ ಚುಚ್ಚುವ ಮೊದಲೇ ಔಷಧ ಕೊಡಬಹುದು. ಮನುಷ್ಯನಲ್ಲಿ ರೋಗ ಗೊತ್ತಾಗುವ ಹೊತ್ತಿಗೆ ಕೋಶಗಳು ಎಲ್ಲೆಲ್ಲೋ ಬೇರೂರಿರುತ್ತವೆ. ಸೋಲಿಗೆ ಇದೂ ಒಂದು ಕಾರಣವಿರಬೇಕು ಎನ್ನುವುದು ನನ್ನ ಊಹೆ.

ಪ್ಲೇಟ್‌ಲೆಟ್‌ಗಳನ್ನು ಮಂದಗೊಳಿಸುವ ಆಸ್ಪಿರಿನ್ ಕಥೆ ಕೊಂಚ ಬೇರೆ. ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಬಳಿಕ ದಿನಕ್ಕೆ 160 ಮಿಲಿಗ್ರಾಂನಂತೆ ಮೂರು ವರ್ಷ ಕೊಟ್ಟು ನೋಡಿದ ಅಲಾಸ್ಕಾ ಎಂಬ ಉತ್ತರ ಯುರೋಪಿನ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು: ರೋಗ ಮರುಕಳಿಸುವ ಸಂಭವ ಹತ್ತಿರ ಹತ್ತಿರ ಅರ್ಧಕ್ಕಿಳಿದಿತ್ತು. ಆದರೆ ಈ ಪ್ರಯೋಗಕ್ಕೆ ಆರಿಸಿದ್ದು ಗಡ್ಡೆಯಲ್ಲಿ ಪಿಐ3ಕೆ ಎಂಬ ಸಂಕೇತದಾರಿಯ ವಂಶವಾಹಿಗಳು ಬದಲಾಗಿದ್ದವರನ್ನು ಮಾತ್ರ, ಅಂದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರನ್ನು. ಅಲ್ಲೂ ಆಸ್ಪಿರಿನ್ ನುಂಗಿದವರಲ್ಲಿ ಕೆಲವರಿಗೆ ಗಂಭೀರ ಅಡ್ಡಪರಿಣಾಮಗಳಾದವು. ಹಾಗಾಗಿ ವೈದ್ಯರು ಮೊದಲು ಕೇಳುವುದು ಗಡ್ಡೆಯ ವಂಶವಾಹಿ ಪರೀಕ್ಷೆಯ ವರದಿಯನ್ನು, ಮಾತ್ರೆಯ ಮಾತು ಆಮೇಲೆ.