ಸ್ಪೇಸ್ ನೋಡಿ ಒಡೆದರೆ ಪದ ಸಿಗಲ್ಲ

"ಸರ್, ಸ್ಪೇಸ್ ಇರುವ ಕಡೆ ಒಡೆದು ಡಿಕ್ಷನರಿಗೆ ಜೋಡಿಸಿದರೆ ಮುಗೀತಲ್ವಾ?" ಸಬ್‌ಟೈಟಲ್‌ನ ಪದ ಒತ್ತಿದರೆ ಅರ್ಥ ತೋರಿಸುವ ಕನ್ನಡ ಕಲಿಕೆಯ ಪ್ಲೇಯರ್ ಬೇಕು ಅಂತ ಬರುವವರೆಲ್ಲ ಇದನ್ನೇ ಕೇಳುತ್ತಾರೆ. ಮುಗಿಯಲ್ಲ.

ಪ್ಲೇಯರ್ ದೊಡ್ಡ ಕೆಲಸವಲ್ಲ. ಬ್ರೌಸರ್ ತಾನೇ ತೋರಿಸುವ ಸಬ್‌ಟೈಟಲ್‌ಗೆ ಕ್ಲಿಕ್ ತಾಗುವುದಿಲ್ಲ, ಹಾಗಾಗಿ ಸಬ್‌ಟೈಟಲ್ ಟ್ರ್ಯಾಕನ್ನು ಹಿಡನ್ ಮೋಡ್‌ಗೆ (ಓಡುತ್ತಿರುತ್ತದೆ, ಕಾಣುವುದಿಲ್ಲ) ಹಾಕಿ, ಕ್ಯೂ, ಅಂದರೆ ಒಂದು ಹೊತ್ತಿಗೆ ತೋರಿಸುವ ಸಬ್‌ಟೈಟಲ್ ತುಂಡು, ಬದಲಾದಾಗಲೆಲ್ಲ ಆ ಸಾಲನ್ನು ನಾವೇ ವಿಡಿಯೋ ಮೇಲೆ ಬರೆದುಕೊಳ್ಳಬೇಕು. ಅಷ್ಟೇ.

ತಕರಾರು ಇರುವುದು ಪದದಲ್ಲಿ. 'ಮನೇಲಿಲ್ವಂತೆ' ಅಂತ ಯಾರೋ ಹೇಳುತ್ತಾರೆ ಅಂದುಕೊಳ್ಳಿ. ಸ್ಪೇಸ್ ಎಲ್ಲೂ ಇಲ್ಲ. ಒಳಗೆ ಮನೆ ಇದೆ, ಅಲ್ಲಿ ಇದೆ, ಇಲ್ಲ ಇದೆ, ಇನ್ಯಾರೋ ಹೇಳಿದ ಸುದ್ದಿ ಅನ್ನುವ ಅಂತೆ ಬೇರೆ ಇದೆ. ಹಾಗೇ ಹುಡುಕಿದರೆ 1894ರ ಕಿಟೆಲ್ ನಿಘಂಟಿನಲ್ಲೂ ಸಿಗಲ್ಲ, ಒಂದೂವರೆ ಲಕ್ಷ ಪದ ದಾಟಿದ ಆನ್‌ಲೈನ್ ನಿಘಂಟು ಅಲರ್‌ನಲ್ಲೂ ಸಿಗಲ್ಲ. ನಿಘಂಟಿನ ತಪ್ಪಲ್ಲ, ಅಲ್ಲಿರುವುದು 'ಮನೆ'. 'ಬಂದಿದ್ದಾನಂತೆ' ಬೇಕಾದರೆ 'ಬರು' ಅಂತ ಹುಡುಕಬೇಕು. ಒತ್ತಿದ ಪದದಲ್ಲಿ ರ ಅನ್ನುವ ಅಕ್ಷರವೇ ಇಲ್ಲವಲ್ಲ!

ಇಂಗ್ಲಿಷಿಗೆ ಬರೆದ ಕೋಡನ್ನೇ ತಂದು ಅಂಟಿಸುವವರೂ ಇದ್ದಾರೆ. ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಕಂಪ್ಯೂಟರ್ ಬಳಸುವ ಸಂಕೇತಪಟ್ಟಿ) 'ಲೆಟರ್' ಅಂತ ಗುರುತಿಸಿದ್ದನ್ನು ಮಾತ್ರ ಹಿಡಿ ಅಂದರೆ ಜಾವಾಸ್ಕ್ರಿಪ್ಟ್ 'ಕನ್ನಡ'ವನ್ನು 'ಕನ', 'ನಡ' ಅಂತ ತುಂಡು ಮಾಡಿ ಕೊಡುತ್ತದೆ. ಒತ್ತಕ್ಷರದೊಳಗೆ ಅಡಗಿರುವ ಹಲಂತ ಅದರ ಲೆಕ್ಕಕ್ಕೆ ಲೆಟರ್ ಅಲ್ಲ, ಗುಣಿತದ ಚಿಹ್ನೆಗಳೂ ಅಲ್ಲ.

ಸರಿಯಾಗಿ ಒಡೆದರೂ ಸಾಲದು. ಲಖನೌ ಕಡೆಯ ಹುಡುಗನೊಬ್ಬ ನಮ್ಮ ಪ್ಲೇಯರ್ ಟೆಸ್ಟ್ ಮಾಡುತ್ತಾ 'ಹೋಗ್ಬಿಟ್ಟ' ಒತ್ತಿದ. ನಾನು ಜಾಣನ ಥರ ಒಡೆದು ಹೋಗು, ಬಿಡು ಎರಡಕ್ಕೂ ಅರ್ಥ ಹಾಕಿದ್ದೆ. "ಹೋಗಿ ಏನನ್ನು ಬಿಟ್ಟ ಸರ್?" ಅಂದ. ನಗು ಬಂತು, ಆದರೆ ತಪ್ಪು ನನ್ನದೇ. "ನಿಮ್ಮ ಹಿಂದಿಯ ಚಲಾ ಗಯಾ ಇದೆಯಲ್ಲ, ಹಾಗೆ" ಅಂದ ಕೂಡಲೇ ಅವನಿಗೆ ಗೊತ್ತಾಯಿತು.

ಈಗ ನಾನು ಕ್ಲಿಕ್ ಆದಾಗ ಹುಡುಕುವುದೇ ಇಲ್ಲ. ಸಬ್‌ಟೈಟಲ್ ತಯಾರಿಸುವಾಗಲೇ ಪ್ರತಿ ಪದದ ಜೊತೆ ಅದರ ಮೂಲ ರೂಪ, ಆ ಸಾಲಿನಲ್ಲಿ ಅದಕ್ಕಿರುವ ಅರ್ಥ ಎರಡನ್ನೂ ಸೇರಿಸಿಡುತ್ತೇನೆ. ಮೊದಲ ಸುತ್ತಿಗೆ ಸಾಫ್ಟ್‌ವೇರ್ ಆಗಬಹುದು, ಆದರೆ ಆಡುಮಾತಿಗೆ ಅದನ್ನೇ ನಂಬಿ ಕೂರಬೇಡಿ. ಕನ್ನಡ ಬಲ್ಲವರೊಬ್ಬರು ಕೂತು ಓದಲೇಬೇಕು, ಅವರಿಗೆ ಸಂಬಳವೂ ಕೊಡಬೇಕು. ಧಾರವಾಡದ ಮಾತಿದ್ದರೆ ಆ ಕಡೆಯವರೇ ಆದರೆ ಒಳ್ಳೆಯದು. 'ಹೊಂಟಾನ' ಅಂದರೆ 'ಹೊರಡು' ಅಂತ ನನ್ನ ಕೋಡ್‌ಗೆ ಇವತ್ತಿಗೂ ಗೊತ್ತಿಲ್ಲ.