ಮಾವನ ಬದುವೂ ಆಕಾಶದ ಗಡಿಯಾರಗಳೂ

ಕಳೆದ ಬೇಸಿಗೆಯಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಹತ್ತಿರದ ನಮ್ಮ ತಾಯಿಯ ತವರಿಗೆ ಹೋಗಿದ್ದೆ. ಸೋದರಮಾವ ಚಹಾದ ಲೋಟ ಕೈಗಿಡುವ ಮೊದಲೇ ಕೇಳಿದರು: 'ನಿನ್ನ ಮೊಬೈಲಿನಲ್ಲಿ ಹೊಲ ಅಳೆಯಲು ಬರುತ್ತದಂತೆ, ಹೌದೇನು?'

ಹತ್ತಿ ಕಟ್ಟಿಗೆ ಕಿತ್ತು ಎರೆಹೊಲ ಬಯಲಾಗಿ ಬಿದ್ದಿತ್ತು. ಮೂಡಣ ದಿಕ್ಕಿನ ಬದುವನ್ನು ಪಕ್ಕದ ಹೊಲದವರು ವರ್ಷಕ್ಕೊಂದು ಸಾಲಿನಂತೆ ಒತ್ತುತ್ತ ಬಂದಿದ್ದಾರೆ ಎಂಬುದು ಮಾವನ ಹಳೆಯ ಗುಮಾನಿ. ಪಹಣಿಯಲ್ಲಿ ಇರುವುದು 4 ಎಕರೆ 12 ಗುಂಟೆ. ಮರುದಿನ ಬೆಳಗ್ಗೆ ಬಿಸಿಲೇರುವ ಮೊದಲು ನಾನು ಮೊಬೈಲ್ ಹಿಡಿದು ಬದುವಿನ ಮೇಲೆ ಮೂರು ಸುತ್ತು ನಡೆದೆ. ಮಾವ ಟವಲು ಹೆಗಲಿಗೆ ಹಾಕಿಕೊಂಡು ಹಿಂದೆಯೇ ಬಂದರು, ನಾನು ಎಲ್ಲಾದರೂ ಬದು ಬಿಟ್ಟು ಒಳಗೆ ಹೆಜ್ಜೆಯಿಡುತ್ತೇನೋ ಎಂಬ ಕಾವಲಿಗೆ. ಮೊದಲ ಸುತ್ತಿಗೆ 4 ಎಕರೆ 15 ಗುಂಟೆ ಬಂತು. ಎರಡನೆಯದಕ್ಕೆ 4 ಎಕರೆ 9. ಮೂರನೆಯದಕ್ಕೆ 4 ಎಕರೆ 13.

'ಅಂದರೆ ಬದು ಸರಿದಿಲ್ಲವೇ?' ಎಂದರು ಮಾವ.

ನನಗೆ ಉತ್ತರ ಕೊಡಲಾಗಲಿಲ್ಲ. ಆ ಹೊಲದ ಒಂದೊಂದು ಮಗ್ಗುಲು ಸುಮಾರು 132 ಮೀಟರ್ ಉದ್ದ. ಒಂದು ಬದು ಒಂದು ಮೀಟರ್ ಒಳಗೆ ಸರಿದರೂ ಕಳೆದುಹೋಗುವುದು 132 ಚದರ ಮೀಟರ್, ಅಂದರೆ ಒಂದೂಕಾಲು ಗುಂಟೆಗಿಂತ ತುಸು ಹೆಚ್ಚು. ನನ್ನ ಮೂರು ಸುತ್ತುಗಳ ನಡುವೆಯೇ ಆರು ಗುಂಟೆಯ ಹೊಯ್ದಾಟವಿತ್ತು. ಮಾವನ ತಕರಾರು ಆ ಹೊಯ್ದಾಟದೊಳಗೆ ಮುಳುಗಿ ಹೋಗಿತ್ತು.

ಮೊಬೈಲ್ ನೆಲವನ್ನು ಅಳೆಯುವುದಿಲ್ಲ, ಹೊತ್ತನ್ನು ಅಳೆಯುತ್ತದೆ. ಜಿಪಿಎಸ್ ಉಪಗ್ರಹಗಳು ನಮ್ಮ ತಲೆಯ ಮೇಲೆ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆ ಎರಡು ಬಾರಿ ಭೂಮಿಯನ್ನು ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರಗಳಿವೆ. 'ನಾನು ಇಂಥ ಕಡೆ ಇದ್ದೇನೆ, ಈಗ ಗಂಟೆ ಇಷ್ಟು' ಎಂದು ಅವು ಬಿಡುವಿಲ್ಲದೆ ಸಾರುತ್ತಿರುತ್ತವೆ. ಆ ಸುದ್ದಿ ಕೆಳಗಿಳಿಯಲು ಹಿಡಿದ ಹೊತ್ತಿನಿಂದ ಮೊಬೈಲ್ ದೂರವನ್ನು ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳ ದೂರ ಸಿಕ್ಕರೆ ಜಾಗ ಗೊತ್ತಾಗಬೇಕು. ಆದರೆ ಮೊಬೈಲಿನ ಒಳಗಿರುವುದು ಅಗ್ಗದ ಗಡಿಯಾರ, ಅದನ್ನು ನಂಬುವಂತಿಲ್ಲ. ಅದರ ತಪ್ಪನ್ನು ಹಿಡಿಯಲೆಂದು ನಾಲ್ಕನೆಯ ಉಪಗ್ರಹ ಬೇಕು. ಬೆಳಕಿನ ವೇಗದಲ್ಲಿ ಬರುವ ಈ ಅಲೆ ಒಂದು ನ್ಯಾನೊಸೆಕೆಂಡಿಗೆ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿಗೆ, ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಲೆಕ್ಕದಲ್ಲಿ ಹತ್ತು ನ್ಯಾನೊಸೆಕೆಂಡ್ ಹೆಚ್ಚು ಕಡಿಮೆಯಾದರೆ ಮೂರು ಮೀಟರ್ ತಪ್ಪುತ್ತದೆ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಮೊಬೈಲ್ ಸುಮಾರು ಐದು ಮೀಟರಿನೊಳಗೆ ಜಾಗ ಹೇಳುತ್ತದೆ ಎಂಬುದೇ ನಿಜವಾಗಿ ಸೋಜಿಗದ ಮಾತು.

ಆ ಐದು ಮೀಟರಿನ ಬಹುಪಾಲು ಹುಟ್ಟುವುದು ದಾರಿಯಲ್ಲಿ. ವಾತಾವರಣದ ಮೇಲ್ಪದರದ ಅಯಾನುಗೋಳದಲ್ಲಿ ಸೂರ್ಯನ ಕಿರಣಗಳು ಗಾಳಿಯ ಅಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತು ಹರಡಿರುತ್ತವೆ. ಅದರೊಳಗೆ ಹಾಯುವಾಗ ಅಲೆ ನಿಧಾನವಾಗುತ್ತದೆ. ಭೂಮಿಯ ಎರಡು ಕಾಂತಧ್ರುವಗಳ ನಡುವಿನ ಭೂಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯಲ್ಲೇ ಹಾದುಹೋಗುವುದರಿಂದ ನಮ್ಮ ಮೇಲಿನ ಅಯಾನುಗೋಳ ಯುರೋಪಿನವರ ಮೇಲಿರುವುದಕ್ಕಿಂತ ಹೆಚ್ಚು ತುಂಟ. ಮಧ್ಯಾಹ್ನ ಎರಡರ ಹೊತ್ತಿಗೆ ಅದು ಉಕ್ಕುತ್ತದೆ. ಹೊಲ ಅಳೆಯುವವರು ಬೆಳಗ್ಗೆಯೇ ಹೋಗುವುದು ಲೇಸು. ರಾಯಚೂರಿನ ಬಿಸಿಲು ಕಂಡವರಿಗೆ ಇದನ್ನು ವಿಜ್ಞಾನ ಹೇಳಿಕೊಡಬೇಕಾಗಿಲ್ಲ.

ಐದು ಮೀಟರ್ ತಪ್ಪುವ ಯಂತ್ರ 4 ಎಕರೆ 12 ಗುಂಟೆಯ ಹೊಲವನ್ನು ಮೂರು ಗುಂಟೆಯ ಅಂತರದೊಳಗೆ ಹೇಗೆ ಅಳೆಯಿತು? ಮೂಲೆಗಳೆಲ್ಲ ಐದೈದು ಮೀಟರ್ ಹೊರಕ್ಕೋ ಒಳಕ್ಕೋ ತಪ್ಪಿದ್ದರೆ ಲೆಕ್ಕ ಇಪ್ಪತ್ತು ಗುಂಟೆಗೂ ಮೀರಿ ಹಾರಬೇಕಿತ್ತು. ಹಾಗಾಗಲಿಲ್ಲ, ಏಕೆಂದರೆ ತಪ್ಪುಗಳು ಒಂದೇ ದಿಕ್ಕಿಗೆ ಜೊತೆಯಾಗಿ ಹೋಗುತ್ತವೆ. ನಾನು ಸುತ್ತು ಮುಗಿಸುವ ಹತ್ತು ನಿಮಿಷದಲ್ಲಿ ಅಯಾನುಗೋಳ ಹೆಚ್ಚೇನೂ ಬದಲಾಗುವುದಿಲ್ಲ, ಉಪಗ್ರಹದ ಗಡಿಯಾರದ ತಪ್ಪೂ ಹಾಗೆಯೇ ಇರುತ್ತದೆ. ಹೊಲದ ಒಂದು ಮೂಲೆ ಬಡಗಣಕ್ಕೆ ನಾಲ್ಕು ಮೀಟರ್ ಸರಿದರೆ ಉಳಿದ ಮೂಲೆಗಳೂ ಹೆಚ್ಚು ಕಡಿಮೆ ಅಷ್ಟೇ ಸರಿಯುತ್ತವೆ. ಜಮಖಾನೆಯನ್ನು ಎತ್ತಿ ನಾಲ್ಕು ಹೆಜ್ಜೆ ಆಚೆ ಹಾಸಿದರೆ ಅದರ ಉದ್ದಗಲ ಬದಲಾಗುತ್ತದೆಯೇ? ಉಳಿಯುವ ಹೊಯ್ದಾಟ ಕೈಯ ಅಲುಗಾಟದ್ದು, ಮರಗಿಡಗಳಿಗೆ ತಾಗಿ ಬರುವ ಅಲೆಗಳದ್ದು. ನಮ್ಮ ಹೊಲದ ಮೂಲೆಯ ಬೇವಿನ ಮರದ ಕೆಳಗೆ ಬಂದಾಗಲೆಲ್ಲ ಪರದೆಯ ಮೇಲಿನ ಗೆರೆ ಕುಡಿದವನ ಹಾಗೆ ತೂರಾಡಿತ್ತು.

ಹೀಗಾಗಿ 'ಎಷ್ಟು' ಎಂಬ ಪ್ರಶ್ನೆಗೆ ಮೊಬೈಲ್ ಒಳ್ಳೆಯ ಉತ್ತರವನ್ನೇ ಕೊಡುತ್ತದೆ, 'ಎಲ್ಲಿ' ಎಂಬುದಕ್ಕೆ ಅಷ್ಟು ಒಳ್ಳೆಯದನ್ನು ಕೊಡಲಾರದು. ಬದುವಿನ ಜಗಳವೋ ಎಂದಿಗೂ 'ಎಲ್ಲಿ'ಯದೇ.

ವಿಸ್ತೀರ್ಣದ ಲೆಕ್ಕದಲ್ಲೊಂದು ಸೊಗಸಿದೆ. ಹೊಲದ ತೆಂಕಣಕ್ಕೆ ದೂರದಲ್ಲಿ ಪೂರ್ವ ಪಶ್ಚಿಮವಾಗಿ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಬಡಗಣ ಬದುವಿನ ಮೇಲೆ ಮೂಡಣಕ್ಕೆ ನಡೆಯುವಾಗ ನಿಮ್ಮ ಕಾಲಿನಿಂದ ಆ ಗೆರೆಯವರೆಗಿನ ನೆಲವನ್ನೆಲ್ಲ ಮೊಬೈಲ್ ಕೂಡಿಸುತ್ತ ಹೋಗುತ್ತದೆ. ತೆಂಕಣ ಬದುವಿನ ಮೇಲೆ ಪಡುವಣಕ್ಕೆ ಮರಳುವಾಗ ಅದೇ ರೀತಿ ಕಳೆಯುತ್ತ ಬರುತ್ತದೆ. ಸುತ್ತು ಮುಗಿದಾಗ ಹೊರಗಿನದೆಲ್ಲ ವಜಾ ಆಗಿ ಹೊಲವಷ್ಟೇ ಉಳಿಯುತ್ತದೆ. ಹೊಲ ಎಷ್ಟು ಸೊಟ್ಟಗಿದ್ದರೂ ಈ ಲೆಕ್ಕ ಕೈಕೊಡುವುದಿಲ್ಲ. ಹಳೆಯ ಭೂಮಾಪಕರು ಹೊಲದ ನಡುವೆ ಮೂಲರೇಖೆ ಹಾಕಿ, ಅದರಿಂದ ಪ್ರತಿ ಮೂಲೆಗೂ ಅಡ್ಡ ಅಳತೆ ತೆಗೆದು, ಟಿಪ್ಪಣಿಯಲ್ಲಿ ಬರೆದುಕೊಂಡದ್ದೂ ಇದೇ ಉಪಾಯ. ಅವರ ಕೈಯಲ್ಲಿದ್ದದ್ದು 33 ಅಡಿಯ ಸರಪಳಿ, ಅದರ ಹದಿನಾರನೇ ಒಂದು ಪಾಲು ಒಂದು ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಚೌಕವೇ ಗುಂಟೆ.

ಗುಂಟೆಯ ಮಾತು ಬಂತಾದ್ದರಿಂದ ಒಂದು ಅಡ್ಡದಾರಿ. ತುಂಗಭದ್ರೆಯ ಈಚೆ ದಡದ ಸಿಂಧನೂರಿನಲ್ಲಿ ಹೊಲದ ಲೆಕ್ಕ ಎಕರೆ ಗುಂಟೆಯದು. ಹೊಳೆ ದಾಟಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಹೋದರೆ ಸೆಂಟ್ಸ್ ಲೆಕ್ಕ ಕಿವಿಗೆ ಬೀಳುತ್ತದೆ. ರಾಯಚೂರು, ಕೊಪ್ಪಳದ ನೆಲ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ನಮ್ಮ ರಾಜ್ಯಕ್ಕೆ ಬಂತು. ಬಳ್ಳಾರಿಯನ್ನು ನಿಜಾಮ 1800ರಲ್ಲೇ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದ. ಥಾಮಸ್ ಮನ್ರೊ ಕಲೆಕ್ಟರನಾಗಿ ಅಲ್ಲಿ ಹೊಲ ಹೊಲ ಅಳೆಸಿ ರೈತವಾರಿ ಕಂದಾಯ ಕಟ್ಟಿದ. ಬಳ್ಳಾರಿ 1953ರವರೆಗೂ ಮದ್ರಾಸಿನ ಲೆಕ್ಕದಲ್ಲಿತ್ತು. ಎಕರೆಗೆ 40 ಗುಂಟೆ, ಅದೇ ಎಕರೆಗೆ 100 ಸೆಂಟ್ಸ್. ಆದ್ದರಿಂದ ಕಾಗದದ ಮೇಲೆ '2.20' ಎಂದು ಬರೆದಿದ್ದರೆ ಒಂದು ದಡದಲ್ಲಿ ಎರಡೂವರೆ ಎಕರೆ, ಇನ್ನೊಂದು ದಡದಲ್ಲಿ ಎರಡು ಎಕರೆ ಮತ್ತು ಎಂಟು ಗುಂಟೆ.

ಕಂಪ್ಯೂಟರಿಗೆ ಈ ಚರಿತ್ರೆ ಯಾರೂ ಹೇಳಿರುವುದಿಲ್ಲ. 1.30 ಮತ್ತು 2.25 ಕೂಡಿಸು ಎಂದರೆ ಅದು 3.55 ಎನ್ನುತ್ತದೆ, ಗುಂಟೆಯ ಲೆಕ್ಕದಲ್ಲಿ ಸರಿಯುತ್ತರ 4 ಎಕರೆ 15 ಗುಂಟೆ. ಮಾವನ ಹೊಲದ 4-12 ಅನ್ನು ನಾನು ಕೋಷ್ಟಕವೊಂದರಲ್ಲಿ ಬೆರಳಚ್ಚಿಸಿದಾಗ ಅದು ಡಿಸೆಂಬರ್ 4 ಆಗಿ ಕುಳಿತಿತು. ಭೂದಾಖಲೆಯ ತಂತ್ರಾಂಶ ಬರೆಯುವವರ ಅರ್ಧ ಆಯುಷ್ಯ ಇಂಥವುಗಳಲ್ಲೇ ಸವೆಯುತ್ತದೆ. ಉಪಗ್ರಹದ ಮಾತು ಎಲ್ಲರಿಗೂ ರುಚಿಸುತ್ತದೆ. ಎಕರೆಗೊಂದು, ಗುಂಟೆಗೊಂದು, ಗುಂಟೆಯ ಹದಿನಾರನೇ ಪಾಲಾದ ಆಣೆಗೊಂದು ಬೇರೆ ಬೇರೆ ಅಂಕಣ ಇಡಬೇಕು ಎಂಬ ಬುದ್ಧಿಗೆ ಚಪ್ಪಾಳೆ ತಟ್ಟುವವರು ಇಲ್ಲ.

ಮಾವನ 'ಎಲ್ಲಿ'ಗೆ ಮರಳೋಣ. ಸರ್ವೆ ನಂಬರಿನ ಗೆರೆಗಳನ್ನು ಉಪಗ್ರಹ ಚಿತ್ರದ ಮೇಲೆ ಹಾಸಿ ತೋರಿಸುವ ಒಂದು ಆ್ಯಪ್ ತೆರೆದೆ. ಮೊಬೈಲ್ ನೀವು ಯಾವ ಸರ್ವೆ ನಂಬರಿನೊಳಗೆ ನಿಂತಿದ್ದೀರಿ ಎಂದು ಕಂಡುಹಿಡಿಯುವ ರೀತಿ ಮಕ್ಕಳಾಟದಂತಿದೆ. ನೀವು ನಿಂತಲ್ಲಿಂದ ಯಾವುದಾದರೂ ಒಂದು ದಿಕ್ಕಿಗೆ ನೇರವಾಗಿ ಗೆರೆ ಎಳೆದು, ಅದು ಆ ಹೊಲದ ಬದುವನ್ನು ಎಷ್ಟು ಸಲ ದಾಟುತ್ತದೆ ಎಂದು ಎಣಿಸಬೇಕು. ಬೆಸ ಸಂಖ್ಯೆ ಬಂದರೆ ಒಳಗಿದ್ದೀರಿ, ಸಮ ಬಂದರೆ ಹೊರಗೆ. ಒಳಗಿದ್ದವನು ಒಮ್ಮೆ ದಾಟಿದರೆ ಹೊರಬೀಳುತ್ತಾನೆ. ಹೊರಗಿದ್ದವನು ಒಮ್ಮೆ ಹೊಕ್ಕರೆ ಇನ್ನೊಮ್ಮೆ ಹೊರಡಲೇಬೇಕು. 1962ರಲ್ಲೇ ಪ್ರಕಟವಾದ ಈ ಉಪಾಯ ಇಂದಿಗೂ ಬಳಕೆಯಲ್ಲಿದೆ. 2020ರ ಮುಂಗಾರಿನಲ್ಲಿ ಕರ್ನಾಟಕದ ರೈತರೇ ತಮ್ಮ ಬೆಳೆಯ ಫೋಟೊ ತೆಗೆದು ಬೆಳೆ ಸಮೀಕ್ಷೆಗೆ ಸೇರಿಸತೊಡಗಿದರಲ್ಲ, ಅಂಥ ಕೆಲಸಕ್ಕೆ ಇಷ್ಟು ಸಾಕು. ಹೊಲದ ನಡುವೆ ನಿಂತವರಿಗೆ ಐದು ಮೀಟರ್ ಲೆಕ್ಕಕ್ಕಿಲ್ಲ.

ಬದುವಿನ ಮೇಲೆ ನಿಂತವರ ಪಾಡು ಬೇರೆ. ಮಾವನ ಬೇವಿನ ಮರ ಆ ಆ್ಯಪಿನಲ್ಲಿ ಪಕ್ಕದವರ ಸರ್ವೆ ನಂಬರಿನೊಳಗೆ ಎಂಟು ಮೀಟರ್ ಆಚೆ ನಿಂತಿತ್ತು. ಮಾವನ ಮುಖ ಕಪ್ಪಿಟ್ಟಿತು. 'ಈ ಮರ ನಮ್ಮ ಅಜ್ಜ ನೆಟ್ಟದ್ದು' ಎಂದರು, ಮೊಬೈಲಿಗೆ ಹೇಳುವಂತೆ.

ಇಲ್ಲಿ ತಪ್ಪು ಆಕಾಶದ್ದಷ್ಟೇ ಅಲ್ಲ. ನಮ್ಮ ಅನೇಕ ಗ್ರಾಮ ನಕ್ಷೆಗಳ ಪ್ರಮಾಣ 1:7920, ಅಂದರೆ ನೆಲದ ಒಂದು ಮೈಲು ಕಾಗದದ ಎಂಟು ಇಂಚು. ಆ ನಕ್ಷೆಯ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಮಸಿಗೆರೆ ಎಳೆದರೆ ಅದು ನೆಲದ ಮೇಲೆ ನಾಲ್ಕು ಮೀಟರ್ ಅಗಲವಾಗುತ್ತದೆ. ಬದು ಗೆರೆಯ ಒಳಗೇ ಅಡಗಿಬಿಟ್ಟಿದೆ! ಕಾಗದ ವರ್ಷಗಟ್ಟಲೆ ಮಡಿಕೆಯಾಗಿ, ತೇವ ಹೀರಿ, ಒಣಗಿ ಕುಗ್ಗಿರುತ್ತದೆ. ಅದಕ್ಕೆ ಅಕ್ಷಾಂಶ ರೇಖಾಂಶಗಳ ಗುರುತೂ ಇರಲಿಲ್ಲ. ಬರೆದವರು ಊರಿನೊಳಗಿನ ಹೊಲಗಳನ್ನು ಒಂದಕ್ಕೊಂದು ಹೊಂದಿಸಿದ್ದರೇ ಹೊರತು ಭೂಗೋಳಕ್ಕೆ ಹೊಂದಿಸಿರಲಿಲ್ಲ. ಇಂದು ಅದನ್ನು ಸ್ಕ್ಯಾನ್ ಮಾಡಿ, ಮೂರು ಊರಿನ ಗಡಿ ಕೂಡುವ ಕಲ್ಲು, ಹಳ್ಳದ ತಿರುವು, ದಾರಿಗಳ ಕೂಡು ಇವುಗಳನ್ನು ಉಪಗ್ರಹ ಚಿತ್ರದಲ್ಲಿ ಹುಡುಕಿ, ಅವುಗಳಿಗೆ ತಾಳೆಯಾಗುವಂತೆ ನಕ್ಷೆಯನ್ನು ರಬ್ಬರ್ ಹಾಳೆಯ ಹಾಗೆ ಎಳೆದು ಕೂರಿಸುತ್ತಾರೆ. ಗುರುತಿನ ಕಲ್ಲುಗಳ ಹತ್ತಿರ ಗೆರೆ ಚೆನ್ನಾಗಿ ಕೂರುತ್ತದೆ. ದೂರದ ಹೊಲಗಳ ಪಾಲಿಗೆ ಎಳೆದಷ್ಟು ಬಂತು.

ಆಕಾಶದ ತಪ್ಪನ್ನು ತಿದ್ದುವುದು ಈಗ ಕಷ್ಟವಲ್ಲ. ನಿಖರವಾದ ಜಾಗ ಗೊತ್ತಿರುವ ಒಂದು ಕಡೆ ಗ್ರಾಹಕ ಯಂತ್ರವನ್ನು ಕಾಯಮ್ಮಾಗಿ ನೆಟ್ಟಿರುತ್ತಾರೆ. ಉಪಗ್ರಹಗಳು ತನಗೆ ಈ ಕ್ಷಣ ಎಷ್ಟು ಸುಳ್ಳು ಹೇಳುತ್ತಿವೆ ಎಂದು ಅದಕ್ಕೆ ತಿಳಿಯುತ್ತದೆ. ಆ ಸುಳ್ಳಿನ ಮೊತ್ತವನ್ನು ಮೊಬೈಲ್ ಜಾಲದ ಮೂಲಕ ಹೊಲದಲ್ಲಿರುವ ಯಂತ್ರಕ್ಕೆ ಕಳಿಸಿದರೆ, ಅದು ತನ್ನ ಲೆಕ್ಕದಿಂದ ಕಳೆದುಕೊಳ್ಳುತ್ತದೆ. ಜೊತೆಗೆ 19 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಯ ಏರಿಳಿತವನ್ನೇ ಎಣಿಸುವುದರಿಂದ ಕೆಲವೇ ಸೆಂಟಿಮೀಟರಿನ ನಿಖರತೆ ಸಿಗುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಇಂಥ ಕಾಯಂ ನೆಲೆಗಳು ಕರ್ನಾಟಕದಲ್ಲೂ ಇವೆ.

ನೀವು ನಿಂತ ಜಾಗ ಎರಡು ಸೆಂಟಿಮೀಟರಿನೊಳಗೆ ಗೊತ್ತಾಯಿತು ಎನ್ನೋಣ. ಗಡಿಗೆರೆ ಮಾತ್ರ ನಾಲ್ಕು ಮೀಟರ್ ದಪ್ಪವಾಗಿಯೇ ಉಳಿದಿದೆ. ಅದಕ್ಕೆ ನಕ್ಷೆಯ ಚಿತ್ರ ಬಿಟ್ಟು ಟಿಪ್ಪಣಿಯ ಅಂಕಿಗಳಿಗೆ ಹೋಗಬೇಕು. ಸರಪಳಿ ಹಿಡಿದು ಎರೆಮಣ್ಣಿನಲ್ಲಿ ನಡೆದವರು ಬರೆದಿಟ್ಟ ಇಷ್ಟು ಸರಪಳಿ, ಇಷ್ಟು ಆಣೆ ಎಂಬ ಅಂಕಿಗಳಿಗೆ ಗೆರೆಯ ದಪ್ಪವೂ ಇಲ್ಲ, ಕಾಗದ ಕುಗ್ಗಿದರೆ ಅವು ಕುಗ್ಗುವುದೂ ಇಲ್ಲ. ಭೂಮಾಪಕರು ಗಡಿ ಗುರುತಿನ ಬಾಂದು ಕಲ್ಲಿನಿಂದ ಹೊರಟು ಆ ಅಂಕಿಗಳನ್ನು ನೆಲದ ಮೇಲೆ ಮತ್ತೆ ನಡೆದು ತೋರಿಸುವುದೇ ಹದ್ದುಬಸ್ತು.

ಮಾವ ಅದಕ್ಕೆ ಅರ್ಜಿ ಕೊಟ್ಟರು. ಬೇವಿನ ಬುಡದ ಹತ್ತಿರ ಕಲ್ಲೊಂದು ಇತ್ತೆಂದು ಅವರ ನೆನಪು; ಎರೆಮಣ್ಣು ಬಿರಿದು ಮುಚ್ಚಿ ಬಿರಿದು ಮುಚ್ಚಿ ಅದನ್ನು ನುಂಗಿರಬಹುದು. ಒಂದು ಸಂಜೆ ಇಬ್ಬರೂ ಸಲಿಕೆ ಹಿಡಿದು ಮೊಣಕಾಲುದ್ದ ಅಗೆದೆವು. ಬೇರುಗಳಷ್ಟೇ ಸಿಕ್ಕವು.

ಮೊನ್ನೆ ಮಾವ ಫೋನ್ ಮಾಡಿದ್ದರು. ಕಲ್ಲಿನ ಸುದ್ದಿಯಲ್ಲ. ಮಡಿಕೆ ಹೊಡೆದ ಟ್ರ್ಯಾಕ್ಟರಿನವನು ನಾಲ್ಕೂವರೆ ಎಕರೆಗೆ ಬಾಡಿಗೆ ಕೇಳಿದನಂತೆ. ಮಾವ ತಮ್ಮ ಮಗನ ಮೊಬೈಲ್ ಹಿಡಿದು ಅವನೆದುರೇ ಹೊಲವನ್ನು ಒಂದು ಸುತ್ತು ಹಾಕಿ, 4 ಎಕರೆ 11 ಗುಂಟೆ ಎಂದು ತೋರಿಸಿ, ಅಷ್ಟಕ್ಕೇ ದುಡ್ಡು ಎಣಿಸಿ ಕಳಿಸಿದ್ದರು. 'ಬೇವಿನ ಮರದ ಹತ್ತಿರ ಸ್ವಲ್ಪ ದೂರ ನಿಂತೆ, ನೀನು ಹೇಳಿದ್ದೆಯಲ್ಲ' ಎಂದರು.