ಡೆರೆಕ್ ಜಾರ್ಮನ್: ಎರಡು ಕ್ಯಾಮೆರಾಗಳ ನಡುವಿನ ವೃತ್ತಿಜೀವನ

ಬ್ರಿಟಿಷ್ ಚಿತ್ರನಿರ್ದೇಶಕ ಡೆರೆಕ್ ಜಾರ್ಮನ್ (1942–1994) ಬಗ್ಗೆ ಓದುವಾಗ ಚಿತ್ರಗಳ ಪಟ್ಟಿಯನ್ನು ಉರು ಹೊಡೆಯಬೇಡಿ. ಯಾವ ಚಿತ್ರಕ್ಕೆ ಯಾವ ಕ್ಯಾಮೆರಾ ಬಳಸಿದರು ಎಂದು ಗುರುತು ಹಾಕಿಕೊಳ್ಳುತ್ತ ಹೋಗಿ, ಅರ್ಧ ವಿಷಯ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಇವರು ಓದಿದ್ದು ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ, ಚಿತ್ರಕಲೆ. ನಿರ್ದೇಶಕ ಕೆನ್ ರಸೆಲ್ ಅವರ ‘ದ ಡೆವಿಲ್ಸ್’ (1971) ಚಿತ್ರಕ್ಕೆ ಸೆಟ್ ವಿನ್ಯಾಸ ಮಾಡಿ ದೊಡ್ಡ ಸಿನಿಮಾದ ಒಳಗನ್ನು ಕಂಡರು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಮನೆಮಂದಿಯ ಚಿತ್ರ ತೆಗೆಯಲೆಂದು ಮಾರುತ್ತಿದ್ದ ಸೂಪರ್ 8 ಕ್ಯಾಮೆರಾ ಕೈಗೆ ಬಂತು.

ಇಲ್ಲೊಂದು ಲೆಕ್ಕ ಬರೆದಿಟ್ಟುಕೊಳ್ಳಿ. ಸೂಪರ್ 8 ಡಬ್ಬಿಯಲ್ಲಿ 50 ಅಡಿ ಫಿಲ್ಮ್. ಅಡಿಗೆ 72 ಫ್ರೇಮಿನಂತೆ (ಒಂದೊಂದು ಬಿಡಿ ಚಿತ್ರವೂ ಒಂದು ಫ್ರೇಮ್) ಒಟ್ಟು 3,600. ಸೆಕೆಂಡಿಗೆ 18 ಫ್ರೇಮ್ ಓಡಿಸಿದರೆ 3 ನಿಮಿಷ 20 ಸೆಕೆಂಡಿಗೆ ಡಬ್ಬಿ ಖಾಲಿ. ಜಾರ್ಮನ್ ಸೆಕೆಂಡಿಗೆ 3ರಿಂದ 6 ಫ್ರೇಮ್ ವೇಗದಲ್ಲಿ ತೆಗೆದು, ಪ್ರೊಜೆಕ್ಟರನ್ನೂ ಅಷ್ಟೇ ನಿಧಾನಕ್ಕೆ ಓಡಿಸುತ್ತಿದ್ದರು. ಮೂರರ ವೇಗದಲ್ಲಿ ಅದೇ ಡಬ್ಬಿ 20 ನಿಮಿಷ ಬರುತ್ತದೆ! ಪರದೆಯ ಮೇಲೆ ಬಿದ್ದದ್ದನ್ನು ಮತ್ತೆ ವಿಡಿಯೋದಲ್ಲಿ ಹಿಡಿದು ಚಿತ್ರಮಂದಿರಗಳ 35 ಎಂಎಂ ಫಿಲ್ಮಿಗೆ ಏರಿಸುವುದು ಮುಂದಿನ ಹಂತ. ದುಡ್ಡು ಉಳಿಯಿತು, ಸರಿ. ಆದರೆ ಮೈ ಅಲುಗಿದರೆ ತಡೆತಡೆದು ಸಾಗುವ, ಬಣ್ಣ ಹರಳುಗಟ್ಟಿದ ಹಾಗಿರುವ ಆ ಚಿತ್ರಿಕೆ ದುಡ್ಡು ಸುರಿದಿದ್ದರೆ ಸಿಗುತ್ತಿರಲಿಲ್ಲ. ‘ದಿ ಏಂಜೆಲಿಕ್ ಕಾನ್ವರ್ಸೇಶನ್’ (1985) ಹುಟ್ಟಿದ್ದು ಈ ವಿಧಾನದಲ್ಲೇ. ಅದರಲ್ಲಿ ಸಂಭಾಷಣೆಯಿಲ್ಲ, ನಟಿ ಜೂಡಿ ಡೆಂಚ್ ಓದುವ ಷೇಕ್ಸ್‌ಪಿಯರನ 14 ಸಾನೆಟ್‌ಗಳಿವೆ (ಹದಿನಾಲ್ಕು ಸಾಲಿನ ಕವನಗಳು).

ಇದರ ಪಕ್ಕದಲ್ಲೇ, ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಕಥಾಚಿತ್ರಗಳ ಸಾಲು. ಪಾಲ್ ಹಂಫ್ರೆಸ್ ಜೊತೆಗೂಡಿ ನಿರ್ದೇಶಿಸಿದ ‘ಸೆಬಾಸ್ಟಿಯಾನ್’ (1976) ಪೂರ್ತಿ ಲ್ಯಾಟಿನ್ನಿನಲ್ಲಿದೆ. ಇಂಗ್ಲಿಷರೇ ತಮ್ಮ ಸಿನಿಮಾಕ್ಕೆ ಸಬ್‌ಟೈಟಲ್ ಓದಬೇಕಾಯಿತು. ಪಂಕ್ ಎಂಬ ಬಂಡಾಯದ ರಾಕ್ ಸಂಗೀತದ ಕಾಲದ ‘ಜೂಬಿಲಿ’ (1978), ‘ದ ಟೆಂಪೆಸ್ಟ್’ (1979) ಆದಮೇಲೆ ಅದೇ ಹೆಸರಿನ ಇಟಲಿಯ ಚಿತ್ರಕಾರನ ಕುರಿತ ‘ಕಾರವಾಜಿಯೊ’ಗಾಗಿ ವರ್ಷಗಟ್ಟಲೆ ಕಾಯ್ದರು, ಚಿತ್ರಕಥೆಯನ್ನು ಮತ್ತೆಮತ್ತೆ ತಿದ್ದಿದರು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನೆರವಿನಿಂದ 1986ರಲ್ಲಿ ಅದು ತೆರೆಕಂಡಿತು. ಹದಿನೇಳನೇ ಶತಮಾನದ ಇಟಲಿಯನ್ನು ಲಂಡನ್ನಿನ ಒಂದು ಗೋದಾಮಿನಲ್ಲಿ ಕಟ್ಟಿದರು. ಒಂದು ಪಕ್ಕದಿಂದ ಬೆಳಕು, ಹಿಂದೆಲ್ಲ ಕತ್ತಲು: ಕಾರವಾಜಿಯೊ ಚಿತ್ರ ಬರೆದದ್ದೂ ಹಾಗೆಯೇ ಅಲ್ಲವೇ! ನಡುವೆ ಟೈಪ್‌ರೈಟರ್, ಕ್ಯಾಲ್ಕುಲೇಟರ್ ಬರುತ್ತವೆ, ಬೇಕೆಂದೇ ಇಟ್ಟವು. ನಟಿ ಟಿಲ್ಡಾ ಸ್ವಿಂಟನ್ ಇಲ್ಲಿಂದ ಅವರ ಬಳಗಕ್ಕೆ ಸೇರಿದರು.

‘ಸಣ್ಣ ಚಿತ್ರಗಳಿಂದ ದೊಡ್ಡ ಚಿತ್ರಗಳಿಗೆ ಬೆಳೆದ ನಿರ್ದೇಶಕ’ ಎಂದು ಉತ್ತರ ಬರೆದರೆ ಇಲ್ಲಿ ಕೈಕೊಡುತ್ತದೆ. ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಬಂದ ‘ಕಾರವಾಜಿಯೊ’ ಆದ ಮರುವರ್ಷವೇ ಅವರು ಸೂಪರ್ 8 ಹಿಡಿದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕಾಲದ ಬ್ರಿಟನ್ನಿನ ಮೇಲೆ ಸಿಟ್ಟಿನ ‘ದ ಲಾಸ್ಟ್ ಆಫ್ ಇಂಗ್ಲೆಂಡ್’ (1987) ಮಾಡಿದರು. ನನ್ನ ಮಟ್ಟಿಗೆ ಅದೇ ಅವರ ದಿಟ್ಟ ಚಿತ್ರ.

1986ರ ಕೊನೆಗೆ ಎಚ್‌ಐವಿ ಇರುವುದು ತಿಳಿದಾಗ ಅದನ್ನು ಬಹಿರಂಗವಾಗಿ ಹೇಳಿಕೊಂಡರು. ಇಂಗ್ಲೆಂಡಿನ ಡಂಜನೆಸ್ ಕಡಲತೀರದಲ್ಲಿ, ಅಣುವಿದ್ಯುತ್ ಸ್ಥಾವರದ ನೆರೆಯಲ್ಲಿ ಗುಡಿಸಲಿನಂಥ ಮನೆ ಕೊಂಡು ತೋಟ ಮಾಡಿದರು. ‘ದ ಗಾರ್ಡನ್’ (1990) ಅಲ್ಲಿಯದೇ.

ಕೊನೆಯ ಮುಖ್ಯ ಚಿತ್ರ ‘ಬ್ಲೂ’ (1993): 79 ನಿಮಿಷ ತೆರೆಯ ಮೇಲೆ ನೀಲಿ ಬಿಟ್ಟರೆ ಬೇರೇನಿಲ್ಲ, ಉಳಿದದ್ದು ದನಿ ಮತ್ತು ಸಂಗೀತ. ಕಾಯಿಲೆಯಿಂದ ದೃಷ್ಟಿ ಮಂಕಾದದ್ದಕ್ಕೆ ಹೀಗೆ ಮಾಡಿದರು ಎನ್ನುವುದು ಪೂರ್ತಿ ನಿಜವಲ್ಲ. ಚಿತ್ರಕಾರ ಈವ್ ಕ್ಲೈನನ ನೀಲಿಯ ಮೇಲೆ ಸಿನಿಮಾ ಮಾಡುವ ಯೋಚನೆ ಮೊದಲಿನಿಂದ ಇತ್ತು, ಕಾಯಿಲೆ ಅದಕ್ಕೆ ಮಾತು ಕೊಟ್ಟಿತು. ಟಿವಿಯ ಚಾನೆಲ್ 4 ಮತ್ತು ಬಿಬಿಸಿ ರೇಡಿಯೋ 3 ಇದನ್ನು ಒಂದೇ ಹೊತ್ತಿಗೆ ಪ್ರಸಾರ ಮಾಡಿದವು. ರೇಡಿಯೋದಲ್ಲಿ ಕೇಳಿದವರು ಸಿನಿಮಾ ನೋಡಿದಂತೆಯೇ? ಗುಂಪು ಚರ್ಚೆಗೆ ಈ ಪ್ರಶ್ನೆ ಇಟ್ಟುಕೊಳ್ಳಿ. ನೋಡಿದಂತಲ್ಲ ಎಂದು ನನ್ನ ಅನಿಸಿಕೆ: ಅಷ್ಟು ಹೊತ್ತು ಒಂದೇ ಬಣ್ಣ ದಿಟ್ಟಿಸಿದರೆ ಕಣ್ಣು ದಣಿದು ತಾನೇ ಆಕಾರಗಳನ್ನು ಹುಟ್ಟಿಸುತ್ತದೆ, ರೇಡಿಯೋದವರಿಗೆ ಅದು ತಪ್ಪಿತು.